ಫ್ರಿಜ್ಜಿನೊಳಗಿನ ಕೆಂಪು ಬಂಗಾರ

ಅವತ್ತು ಭಾನುವಾರ. ಕುಷ್ಟಗಿಯ ನಮ್ಮ ಮನೆಯಲ್ಲಿ ನಾನು ಜೋಳದ ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿರುವಾಗಲೇ ಮಗಳು ಫ್ರಿಜ್ಜಿನ ಮುಂದೆ ನಿಂತು ಚೀರಿದಳು: "ಅವ್ವಾ! ಇದು ನೀಲಿ ಆಗೇತಿ!"

ರೊಟ್ಟಿ ಹೊತ್ತಿತು. ಒಂದೇ ಹೊತ್ತಿತಲ್ಲ, ಅದೂ ಶಿವನ ದಯೆ ಅನ್ನಬೇಕು.

ನೀಲಿಯಾಗಿದ್ದು ಒಂದು ಪುಟ್ಟ ಗಾಜಿನ ಬಾಟಲಿಯೊಳಗಿನ ನೀರು. ಮಗಳು ಕೊಪ್ಪಳದಲ್ಲಿ ಎಂ.ಎಸ್ಸಿ. ಓದುತ್ತಾಳೆ. ತಿಂಗಳುಗಟ್ಟಲೆ ಲ್ಯಾಬಿನಲ್ಲಿ ನಿಂತು ಮಾಡಿದ ಪ್ರಾಜೆಕ್ಟು ಪೂರಾ ಆ ಬಾಟಲಿಯಲ್ಲಿತ್ತು. ಮರುದಿನ ಬೆಳಿಗ್ಗೆ ಹೊರಗಿನಿಂದ ಬರುವ ಪರೀಕ್ಷಕರ ಮುಂದೆ ಅದನ್ನಿಟ್ಟು ಉತ್ತರ ಹೇಳಬೇಕು. ಲ್ಯಾಬಿನ ಬೀಗ ತೆಗೆಯುವವರು ಸೋಮವಾರ ತಡವಾಗಿ ಬಂದರೆ ಗತಿಯೇನು ಎಂದು ಅಂಜಿ, ಶನಿವಾರವೇ ಅದನ್ನು ಮನೆಗೆ ತಂದು ಮೊಸರಿನ ಪಾತ್ರೆಗೂ ಕೊತ್ತಂಬರಿಗೂ ನಡುವೆ ಇಟ್ಟಿದ್ದಳು.

ತಂದಾಗ ಅದು ದಾಳಿಂಬೆ ರಸದ ಹಾಗೆ ಕೆಂಪಗಿತ್ತು. "ಇದರಾಗ ಬಂಗಾರ ಐತಿ, ಅವ್ವಾ" ಎಂದಳು. ಒಂದು ಕೂದಲಿನ ದಪ್ಪದೊಳಗೆ ಸಾವಿರಾರು ಕಣ ಸಾಲಾಗಿ ಹಿಡಿಯುವಷ್ಟು ಸಣ್ಣ ಮಾಡಿದರೆ ಬಂಗಾರದ ಹಳದಿ ಹೋಗಿ ಕೆಂಪು ಬರುತ್ತದಂತೆ. ಬಣ್ಣ ಹಾಕಿಲ್ಲ, ಏನಿಲ್ಲ, ಸಣ್ಣದಾಗಿದ್ದಷ್ಟೇ ಕಾರಣ. ನಾನು ನಂಬಲೂ ಇಲ್ಲ, ಎದುರು ಮಾತಾಡಲೂ ಇಲ್ಲ. ಆದರೆ ಹನುಮಸಾಗರದಿಂದ ನಮ್ಮಲ್ಲಿಗೆ ಬಂದಿದ್ದ ನಮ್ಮ ಯಜಮಾನರ ಅಕ್ಕ ಸುಮ್ಮನಿರಬೇಕಲ್ಲ?

"ಕೆಂಪಂದ್ರ ತಾಮ್ರ ಕೂಡಿಸ್ಯಾರ. ನಿಮ್ಮ ಮಾಸ್ತರಗ ಸರಾಫ ಟೋಪಿ ಹಾಕ್ಯಾನ" ಎಂದು ತೀರ್ಪು ಕೊಟ್ಟಿದ್ದರು.

ಈಗ ಬಾಟಲಿ ಹಿಡಿದುಕೊಂಡು ಮಗಳು ಕೇಳಿದಳು: "ಯಾರು ಮುಟ್ಟಿದ್ರಿ ಇದನ್ನ?"

ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದ ಅಕ್ಕ ತಲೆ ಎತ್ತಲಿಲ್ಲ. "ನಾನ ಮುಟ್ಟೀನಿ. ಏನೀಗ? ನೀರು ಕೆಡಬಾರದಂತ ಒಂದು ಚಿಟಿಕಿ ಉಪ್ಪು ಹಾಕೀನಿ. ನಾಳಿ ದೊಡ್ಡವರ ಮುಂದ ವಾಸನಿ ಬಂದ್ರ ಮರ್ಯಾದಿ ಯಾರದು ಹೋಗೂದು?"

ಅವರ ಮನೆಯಲ್ಲಿ ಮಾವಿನಕಾಯಿಗೂ ಉಪ್ಪು, ನಿಂಬೆಗೂ ಉಪ್ಪು, ಕಟ್ಟಿಟ್ಟ ಹುಣಸೆಹಣ್ಣಿಗೂ ಉಪ್ಪು. ಬೂಸು ಬಂದ ಭರಣಿ ಅವರು ಕಂಡವರೇ ಅಲ್ಲ. ಆ ಹೆಮ್ಮೆ ನನ್ನ ಫ್ರಿಜ್ಜಿಗೂ ಕೈ ಹಾಕಿತ್ತು.

"ಅತ್ತಿ, ಉಪ್ಪು ಬಿದ್ರ ಅದು ಕೆಡ್ತೈತಿ!"

"ಉಪ್ಪಿಗೆ ಅಂಜೂ ಬಂಗಾರ ಅದೆಂಥಾದ್ದವಾ? ಕೈಯಾನ ಈ ಬಂಗಾರದ ಬಳಿ ನೋಡಿಲ್ಲಿ. ಇಷ್ಟು ವರ್ಷ ಉಪ್ಪಿನಕಾಯಿ ಭರಣ್ಯಾಗ ಕೈ ಹಾಕೀನಿ, ನೀಲಿ ಆಗೇತೇನು?"

"ಅದು ದೊಡ್ಡದೈತಿ, ಅತ್ತಿ! ದೊಡ್ಡದಕ್ಕ ಏನೂ ಆಗೂದಿಲ್ಲ. ಅಷ್ಟು ಸಣ್ಣದಾದ್ರ ಅದರ ಗುಣಾನ ಬ್ಯಾರೆ."

"ಗುಣ ಬ್ಯಾರೆ ಆದಮ್ಯಾಲ ಅದು ಬಂಗಾರ ಹೆಂಗಾತು?"

ಅಷ್ಟರಲ್ಲಿ ಪಡಸಾಲೆಯಿಂದ ಯಜಮಾನರ ದನಿ: "ಕಾಸಿ ತಗದ್ರ ಎಷ್ಟು ತೂಗೀತು?" ಅದಕ್ಕೆ ಉತ್ತರ ಕೊಟ್ಟವಳು ನಾನು. ಏನು ಕೊಟ್ಟೆ ಎಂದು ಬರೆಯುವಂತಿಲ್ಲ.

ಮಗಳು ನೆಲದ ಮೇಲೆ ಕುಸಿದು ಕೂತಳು. ಅರಿವೆಯಲ್ಲಿ ಸೋಸಿದರೆ ಹೇಗೆ ಎಂದು ನಾನು ಕೇಳಿದ್ದೂ ತಪ್ಪಾಯಿತು. ಆ ಕಣಗಳು ಒಂದನ್ನೊಂದು ದೂರ ತಳ್ಳಿಕೊಂಡು ಬಿಡಿಬಿಡಿಯಾಗಿ ಇರುತ್ತವಂತೆ. ಉಪ್ಪು ಬಿದ್ದರೆ ಆ ತಳ್ಳಾಟ ನಿಂತು ಗುಂಪುಗೂಡುತ್ತವೆ. ಗುಂಪು ದೊಡ್ಡದಾದ ಹಾಗೆ ಕೆಂಪು ಹೋಗಿ ನೀಲಿ. "ಒಡದ ಹಾಲು ಸೋಸಿದ್ರ ಮತ್ತ ಹಾಲಾಗ್ತೈತೇನವ್ವಾ?" ಎಂದಳು. ಅಷ್ಟು ಹೇಳಿದ ಮೇಲೆ ನನಗೆ ತಿಳಿಯಿತು. ಹೊಸದು ಮಾಡೋಣವೆಂದರೆ ಲ್ಯಾಬಿಗೆ ಬೀಗ, ಸಾಮಾನೂ ತೀರಿತ್ತು.

ಸಿಟ್ಟು ನನಗೆ ಇಬ್ಬರ ಮೇಲೂ ಬಂತು. ಕೇಳದೆ ಉಪ್ಪು ಹಾಕಿದವರೊಬ್ಬರು. ಊರೆಲ್ಲ ಕೈ ಹಾಕುವ ಫ್ರಿಜ್ಜಿನಲ್ಲಿ ಇಷ್ಟು ದಿನದ ದುಡಿಮೆ ತಂದಿಟ್ಟವಳೊಬ್ಬಳು. ಪುಣ್ಯಕ್ಕೆ ಅಕ್ಕ ಅದನ್ನು ಶರಬತ್ತೆಂದು ಕುಡಿಯಲಿಲ್ಲ.

ಸಂಜೆ ದೇವರ ಮುಂದೆ ದೀಪ ಹಚ್ಚಿದೆ. ನೀರು ತಿರುಗಿ ಕೆಂಪಾಗಲಿ ಎಂದು ಬೇಡಲಿಲ್ಲ. ಆಗದ ಕೆಲಸ ಹೇಳಿ ದೇವರನ್ನೇಕೆ ಪೇಚಿಗೆ ಸಿಕ್ಕಿಸಬೇಕು? ನಾಳೆ ಹುಡುಗಿಯ ನಾಲಿಗೆ ತಡವರಿಸದಿರಲಿ, ಅಷ್ಟು ಸಾಕಪ್ಪಾ ಎಂದೆ.

ಬೆಳಿಗ್ಗೆ ನೀಲಿ ಬಾಟಲಿಯನ್ನೇ ಅರಿವೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು. ನಾನು ಮಧ್ಯಾಹ್ನದವರೆಗೆ ಮಾಡಿದ ಕೆಲಸವನ್ನೇ ಮತ್ತೆ ಮಾಡಿದೆ. ಸಾರಿಗೆ ಖಾರ ಹಾಕಿದ್ದೆನೋ ಇಲ್ಲವೋ ನೆನಪಿಲ್ಲ. ಊಟಕ್ಕೆ ಕೂತವರು ತಟ್ಟೆ ಖಾಲಿ ಮಾಡಿ ಎದ್ದರು, ಒಳ್ಳೆಯದೇ ಆಯಿತು.

ಆಮೇಲೆ ಮಗಳ ಫೋನು ಬಂತು. "ಕೆಂಪ ಐತಿ ಅಂತ ಬರದೀರಿ, ಇದ್ಯಾಕ ನೀಲಿ?" ಎಂದು ಪರೀಕ್ಷಕರು ಕೇಳಿದರಂತೆ. ಇವಳು ಸುಳ್ಳು ಹೇಳಲಿಲ್ಲ. ನಮ್ಮತ್ತಿ ಉಪ್ಪು ಹಾಕ್ಯಾರ್ರಿ ಎಂದಳಂತೆ. ಅವರು ನಕ್ಕು, ಹಾಗಾದರೆ ಯಾಕೆ ಹೀಗಾಯಿತು ಹೇಳಿ ಎಂದರು. ಇವಳು ನೀರು ಕೆಂಪಗಿದ್ದಾಗಲೇ ಲ್ಯಾಬಿನಲ್ಲಿ ತೆಗೆದಿಟ್ಟಿದ್ದ ಗ್ರಾಫನ್ನು ತೋರಿಸಿ, ಸಣ್ಣದು ದೊಡ್ಡದರ ಪುರಾಣವನ್ನು ತಡವರಿಸದೆ ಹೇಳಿದಳು.

"ಪಾಸಾದೆ, ಅವ್ವಾ. ಆದ್ರ ಅಡಗೀಮನಿ ಫ್ರಿಜ್ಜಿನ್ಯಾಗ ಇಟ್ಟಿದ್ದಕ್ಕ ಮಾರ್ಕ್ಸ್ ಕಡದಾರ. ಎಲ್ಲಾರಕಿಂತ ಹೆಚ್ಚು ತಗೋತಿದ್ದೆ ನಾ" ಎನ್ನುವಾಗ ಅವಳ ದನಿಯಲ್ಲಿ ಅಳುವಿತ್ತೋ ಸಿಟ್ಟಿತ್ತೋ ಗೊತ್ತಾಗಲಿಲ್ಲ. ಪಾಸಾದಳಲ್ಲ ಎಂದು ನಾನು ಕೈ ಮುಗಿದೆ.

ಅಕ್ಕ ಕೇಳಿಸಿಕೊಂಡರು. "ನೋಡಿದೇನು? ಉಪ್ಪು ಬಿದ್ದಿದ್ದಕ್ಕ ಅವರಿಗೆ ಕೇಳಾಕ ಒಂದು ಪ್ರಶ್ನಿ ಸಿಕ್ತು, ನಮ್ಮ ಹುಡುಗಿಗೆ ಹೇಳಾಕ ಒಂದು ಉತ್ತರ ಸಿಕ್ತು."

ನಾನು ಉಪ್ಪಿನ ಡಬ್ಬಿ ತೆಗೆದು ಮೇಲಿನ ಹಲಗೆಗೆ ಏರಿಸಿದೆ. ಓಣಿಯಲ್ಲಿ ಯಾರೋ "ನಳ ಬಂತ್ರೀ" ಎಂದು ಕೂಗಿದರು. ಕೊಡ ಎತ್ತಿಕೊಂಡು ನೀರು ತುಂಬಲು ಹೊರಟೆ.