ಸುಸ್ತಾಗದೆ ಸೋತ ಓಟ

ಆಗಿನ ಬನಶಂಕರಿ ಎರಡನೇ ಹಂತವನ್ನು ಕಂಡವರಿಗೆ ನಾನು ಹೇಳುವುದು ಅರ್ಥವಾದೀತು. ಬೆಳಗಿನ ಹೊತ್ತು ರಸ್ತೆಯ ನಟ್ಟನಡುವೆ ಓಡಬಹುದಿತ್ತು. ತೊಂಬತ್ತರ ದಶಕದ ನಡುಭಾಗ. ಹಾಲಿನ ಬೂತಿನ ಮುಂದೆ ನಾಲ್ಕು ಜನ, ಬಾಗಿಲಿಗೆ ನೀರು ಹಾಕುವ ಹೆಂಗಸರು, ದರ್ಶಿನಿಯಿಂದ ತೇಲಿ ಬರುವ ಇಡ್ಲಿಯ ಹಬೆ, ಚಟ್ನಿ ಒಗ್ಗರಣೆಯ ಘಮ. ಒಂಬತ್ತನೇ ಕ್ಲಾಸಿನ ನಾನು ಜೆ.ಪಿ. ನಗರದ ಖಾಲಿ ಸೈಟುಗಳವರೆಗೂ ಓಡಿ ವಾಪಸ್ಸು ಬರುತ್ತಿದ್ದೆ. ಹಿಂದೆ ಸೈಕಲ್ಲಿನಲ್ಲಿ ಅಪ್ಪ. ಮನೆಗೆ ಬಂದರೆ ಬೆಲ್ಲ, ಹಾಲು ಹಾಕಿ ಕಲಸಿದ ಹುರಿಹಿಟ್ಟಿನ ಉಂಡೆ. ಆ ರುಚಿ ನೆನೆದರೆ ಈಗಲೂ ಬಾಯಲ್ಲಿ ನೀರು ಬರುತ್ತದೆ. ಆ ವರ್ಷದ ಓಟವನ್ನು ನೆನೆದರೆ ಮಾತ್ರ ಕಿವಿಯೆಲ್ಲ ಬಿಸಿಯಾಗುತ್ತದೆ.

ನನಗೆ ಬರುತ್ತಿದ್ದದ್ದು ಒಂದೇ ವಿದ್ಯೆ. ಶುರುವಿನಿಂದ ಕೊನೆಯವರೆಗೆ ಒಂದೇ ಸಮನೆ ಜೋರಾಗಿ ಓಡುವುದು. ಹಿಂದಿನವರು ಒಬ್ಬೊಬ್ಬರಾಗಿ ಏದುಸಿರು ಬಿಟ್ಟು ಉದುರುತ್ತಿದ್ದರು, ನಾನು ಓಡುತ್ತಲೇ ಇರುತ್ತಿದ್ದೆ. ಕೊನೆಯಲ್ಲಿ ಒಂದೇ ಸಲ ಚಿಮ್ಮು ಎಂದರೆ ಆಗುತ್ತಿರಲಿಲ್ಲ. ದೇವರು ಚಿಮ್ಮುವ ಕಾಲು ಕೊಟ್ಟಿರಲಿಲ್ಲ, ದಣಿಯದ ಎದೆ ಕೊಟ್ಟಿದ್ದ. ನಮ್ಮ ಪಿ.ಟಿ. ಮಿಸ್ ವಸಂತಾ, "ನೀನು ಎಲ್ಲರನ್ನೂ ಸುಸ್ತು ಮಾಡಿ ಗೆಲ್ಲೋಳು ಕಣೇ. ಅದನ್ನೇ ಮಾಡು, ಬೇರೆ ಬುದ್ಧಿವಂತಿಕೆ ಬೇಡ" ಎನ್ನುತ್ತಿದ್ದರು.

ಮನೆಯಲ್ಲಿ ಅಜ್ಜಿಗೆ ನನ್ನ ಓಟ ಕಂಡರಾಗದು. "ಬೆಳೆದ ಹುಡುಗಿ ಚಡ್ಡಿ ಹಾಕ್ಕೊಂಡು ಬೀದಿ ಬೀದಿ ಓಡ್ತಾಳೆ, ಚೆನ್ನಾಗಿದೆ!" ಅಮ್ಮನಿಗೆ ಎಸ್ಸೆಸ್ಸೆಲ್ಸಿ ಚಿಂತೆ. ಕೊನೆಗೆ ಅಮ್ಮನೇ ತೀರ್ಪು ಕೊಟ್ಟಳು. "ಜಿಲ್ಲಾ ಕೂಟದಲ್ಲಿ ಮೊದಲ ಮೂರರಲ್ಲಿ ಬಂದು ರಾಜ್ಯಕ್ಕೆ ಸೆಲೆಕ್ಟ್ ಆದ್ರೆ ಇನ್ನೊಂದು ವರ್ಷ ಓಡು. ಇಲ್ದಿದ್ರೆ ಬೂಟು ಅಟ್ಟಕ್ಕೆ, ನೀನು ಟ್ಯೂಷನ್ನಿಗೆ." ನಾನು ತಕ್ಷಣ ಒಪ್ಪಿಕೊಂಡೆ. ಮೂರು ಸಾವಿರ ಮೀಟರಿನಲ್ಲಿ ನನ್ನನ್ನು ಸೋಲಿಸುವವರು ನಮ್ಮ ಕಡೆಯ ಯಾವ ಶಾಲೆಯಲ್ಲೂ ಇರಲಿಲ್ಲ. ಅಷ್ಟು ಕೊಬ್ಬು ನನಗೂ ಇತ್ತು.

ಅಪ್ಪ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಗುಮಾಸ್ತ. ಮನೆಯಲ್ಲಿ ಅವರ ಮಾತು ನಡೆಯುತ್ತಿದ್ದದ್ದು ಅಷ್ಟಕ್ಕಷ್ಟೇ. ಆದರೆ ನಮ್ಮ ರಸ್ತೆಯ ರಾಜ್ಯೋತ್ಸವದಲ್ಲಿ ನಿಧಾನ ಸೈಕಲ್ ಸ್ಪರ್ಧೆ ಇರುತ್ತಿತ್ತಲ್ಲ, ಕಾಲು ನೆಲಕ್ಕೆ ತಾಗಿಸದೆ ಎಲ್ಲರಿಗಿಂತ ಕೊನೆಗೆ ಗೆರೆ ಮುಟ್ಟಿದವರು ಗೆದ್ದಂತೆ, ಅದರಲ್ಲಿ ಮಾತ್ರ ಅಪ್ಪನನ್ನು ಮೀರಿಸುವ ಗಂಡು ಹುಟ್ಟಿರಲಿಲ್ಲ. ನಮ್ಮ ಅಡುಗೆಮನೆಯ ಸ್ಟೀಲಿನ ಬೋಗುಣಿ, ಲೋಟ, ಟಿಫನ್ ಡಬ್ಬಿ ಎಲ್ಲಾ ಆ ಬಹುಮಾನಗಳೇ. ಅವಸರ ಮಾಡದವನೇ ಗೆಲ್ಲುತ್ತಾನೆ ಎನ್ನುವುದು ಅಪ್ಪನಿಗೆ ಅನುಭವದಿಂದ ಬಂದ ನಂಬಿಕೆ.

ಆ ವರ್ಷ ಎದುರುಮನೆಗೆ ಕೇಬಲ್ ಟಿವಿ ಬಂತು. ಅದರಲ್ಲಿ ಯಾವುದೋ ದೊಡ್ಡ ಅಂತರರಾಷ್ಟ್ರೀಯ ಕೂಟದ ದೂರದ ಓಟ. ಅಪ್ಪ ನನ್ನನ್ನು ಎಳೆದುಕೊಂಡು ಹೋಗಿ ಕೂರಿಸಿದರು. ಪರದೆಯ ಮೇಲೆ ಹತ್ತಾರು ಓಟಗಾರರು ಕುರಿಮಂದೆಯಂತೆ ಒತ್ತೊತ್ತಾಗಿ, ಆರಾಮಾಗಿ ಸಾಗುತ್ತಿದ್ದರು. ಕೊನೆಯ ಸುತ್ತಿನ ಗಂಟೆ ಬಾರಿಸಿದ್ದೇ ತಡ, ಎಲ್ಲರೂ ದಿಕ್ಕೆಟ್ಟವರಂತೆ ಹಾರಿದರು.

"ನೋಡಿದ್ಯಾ ಪುಟ್ಟಿ? ಯಾರೂ ಮುಂದೆ ಹೋಗಲ್ಲ. ಮುಂದೆ ಹೋದೋನಿಗೆ ಗಾಳಿ ಎಲ್ಲಾ ಎದೆಗೆ ಹೊಡೆಯುತ್ತೆ. ಹಿಂದಿರೋರು ಅವನ ಮರೆಯಲ್ಲಿ ಪುಕ್ಕಟೆ ಓಡ್ತಾರೆ. ಓಟ ಅಂದ್ರೆ ತಲೆ ಕಣೇ, ಬರೀ ಕಾಲಲ್ಲ!" ಅಪ್ಪನ ಕಣ್ಣು ಹೊಳೆಯುತ್ತಿತ್ತು. ಅವರಿಗೆ ಅಷ್ಟು ಖುಷಿಯಾದದ್ದನ್ನು ನಾನು ನೋಡಿರಲೇ ಇಲ್ಲ.

ಮಾರನೇ ದಿನ ಶಾಲೆಯ ಗೇಟಿನ ಹತ್ತಿರ ಪಿ.ಟಿ. ಮಿಸ್‌ಗೂ ಇದೇ ಪಾಠ ಶುರು ಮಾಡಿದರು. ಮಿಸ್ ಸೊಂಟದ ಮೇಲೆ ಕೈಯಿಟ್ಟು ಕೇಳಿಸಿಕೊಂಡರು.

"ಸಾರ್, ಅದೇ ಓಟಗಾರರು ದಾಖಲೆ ಮಾಡೋಕೆ ಓಡೋವಾಗ ನೋಡಿ. ಮುಂದೆ ಒಬ್ಬ ವೇಗ ಕಟ್ಟಿಕೊಡೋನು ಇರ್ತಾನೆ, ಶುರುವಿಂದಲೇ ಬೆಂಕಿ. ಪದಕಕ್ಕೆ ಓಡೋವಾಗ ಮಾತ್ರ ಈ ಕಾಯೋ ಆಟ. ಅದೂ ಕೊನೇ ಸುತ್ತಲ್ಲಿ ಹಾರೋ ಕಾಲಿದ್ದೋರಿಗೆ. ಇವಳಿಗೆಲ್ಲಿದೆ ಆ ಕಾಲು?"

"ಬರಿಸ್ಬೋದು ಮಿಸ್" ಎಂದರು ಅಪ್ಪ. ಸ್ವರ ಮೆತ್ತಗಿತ್ತು, ಹಟ ಗಟ್ಟಿಯಾಗಿತ್ತು.

ಅಂದಿನಿಂದ ನನಗೆ ನಿಧಾನವಾಗಿ ಓಡುವ ಅಭ್ಯಾಸ. ನನ್ನ ಕಾಲಿಗೆ ಅದು ಶಿಕ್ಷೆ. ಮುಂದೆ ಖಾಲಿ ರಸ್ತೆ ಕಂಡರೂ ಹಿಂದಿನಿಂದ "ತಡಿ, ತಡಿ, ಉಳಿಸ್ಕೋ" ಎಂಬ ಕೂಗು. ಕೊನೆಯ ಲೈಟುಕಂಬ ಬಂದಾಗ "ಈಗ ಬಿಡು!" ಅನ್ನುತ್ತಿದ್ದರು. ನಾನು ಬಿಟ್ಟರೂ ಏನೂ ಹಾರುತ್ತಿರಲಿಲ್ಲ. ಅಪ್ಪ ಮಾತ್ರ "ನಿನ್ನೆಗಿಂತ ಪರವಾಗಿಲ್ಲ" ಎನ್ನುತ್ತಿದ್ದರು. ಮಿಸ್ ಹೇಳುವುದೇ ಸರಿ ಎಂದು ನನಗೆ ಗೊತ್ತಿತ್ತು. ಆದರೆ ಊಟದ ಹೊತ್ತಿನಲ್ಲಿ ಅಪ್ಪ ಚಪಾತಿ ಲಟ್ಟಣಿಗೆ, ಉಪ್ಪಿನ ಡಬ್ಬಿ ಇಟ್ಟು ಓಟದ ಚಿತ್ರ ತೋರಿಸುವಾಗ ಅಜ್ಜಿ, ಅಮ್ಮ ಇಬ್ಬರೂ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದರು. ಆ ಮನೆಯಲ್ಲಿ ಅದು ದೊಡ್ಡ ಸಂಗತಿ. ಅದನ್ನು ಕೆಡಿಸಲು ನನಗೆ ಮನಸ್ಸು ಬರಲಿಲ್ಲ.

ಜಿಲ್ಲಾ ಕೂಟ ನಡೆದದ್ದು ಜಯನಗರದ ಮಣ್ಣಿನ ಮೈದಾನದಲ್ಲಿ. ಅಪ್ಪ ರಸ್ತೆಯ ಸಂಘದವರನ್ನೆಲ್ಲ ಕರೆದು ತಂದಿದ್ದರು. ಕೈಚೀಲದಲ್ಲಿ ಮೈಸೂರು ಪಾಕಿನ ಡಬ್ಬಿ ಬೇರೆ, ಗೆದ್ದ ಮೇಲೆ ಹಂಚಲು. ನಮ್ಮ ಜೊತೆ ಗೆರೆಯ ಮೇಲೆ ವಿಲ್ಸನ್ ಗಾರ್ಡನ್ ಕಡೆಯ ಶಾಲೆಯ ಮೇರಿ ನಿಂತಿದ್ದಳು. ನಾನೂರು ಮೀಟರ್ ಓಟದವಳು, ಉದ್ದುದ್ದ ಕಾಲು. ದೂರದ ಓಟಕ್ಕೆ ಸುಮ್ಮನೆ ಹೆಸರು ಕೊಟ್ಟಿದ್ದಳಂತೆ.

ಓಟ ಶುರುವಾಯಿತು. ಏಳೂವರೆ ಸುತ್ತು. ನಾನು ಹಿಂದೆ ಸರಿದೆ. ಉಳಿದ ಹುಡುಗಿಯರೂ ಹಿಂದೆ ಸರಿದರು! ಅವರಿಗೆಲ್ಲ ಗೊತ್ತಿದ್ದದ್ದು ಒಂದೇ, ಮುಂದೆ ಹೋಗುವವಳು ನಾನು, ಅವರು ನನ್ನ ಹಿಂದೆ ಅಂಟಿಕೊಳ್ಳಬೇಕು. ನಾನು ಹೋಗಲಿಲ್ಲ, ಹಾಗಾಗಿ ಯಾರೂ ಹೋಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತ, ಓಟವೂ ಅಲ್ಲದ ನಡಿಗೆಯೂ ಅಲ್ಲದ ಗತಿಯಲ್ಲಿ ಹನ್ನೆರಡು ಹುಡುಗಿಯರು ಮೈದಾನ ಸುತ್ತತೊಡಗಿದೆವು.

ಮೊದಲು ಯಾರೋ ಒಬ್ಬರು ನಕ್ಕರು. ಆಮೇಲೆ ಬೇಲಿಯ ಹತ್ತಿರ ನಿಂತಿದ್ದ ಹುಡುಗರು ನಿಧಾನಕ್ಕೆ ಚಪ್ಪಾಳೆ ತಟ್ಟಲು ಶುರು ಮಾಡಿದರು. "ಅಕ್ಕಾ, ಫೋರ್ತ್ ಬ್ಲಾಕ್ ಮಾರ್ಕೆಟ್ ಈ ಕಡೆ! ಸೊಪ್ಪು ಖಾಲಿ ಆಗುತ್ತೆ, ಬೇಗ!" "ಮಗಾ, ನಮ್ಮಜ್ಜೀನ ಬಿಟ್ರೆ ಇವರನ್ನೆಲ್ಲಾ ಹಿಂದೆ ಹಾಕ್ತಾಳೆ ಕಣೋ!" ಇಡೀ ಮೈದಾನ ಗೊಳ್ಳೆಂದಿತು. ನಮ್ಮ ಸಂಘದವರೂ ನಗುತ್ತಿದ್ದರು, ನಾನು ಕಣ್ಣಾರೆ ನೋಡಿದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಒಂದು ತಿರುವಿನಲ್ಲಿ ಪಿ.ಟಿ. ಮಿಸ್ ಗಂಟಲು ಹರಿಯುವಂತೆ ಕೂಗುತ್ತಿದ್ದರು. "ಹೋಗೇ! ಬಿಟ್ಟು ಹೋಗೇ, ಯಾರೂ ಹಿಡಿಯಲ್ಲ ನಿನ್ನ!" ಇನ್ನೊಂದು ತಿರುವಿನಲ್ಲಿ ಅಪ್ಪ, ಟ್ರಾಫಿಕ್ ಪೊಲೀಸಿನಂತೆ ಅಂಗೈ ಕೆಳಗೆ ಮಾಡಿ, "ತಡಿ ಪುಟ್ಟಿ, ತಡಿ!" ಎದೆಯಲ್ಲಿ ಉಸಿರು ತುಂಬಿಕೊಂಡು ಕೂತಿತ್ತು. ಕಾಲು ಹೋಗೋಣ ಎನ್ನುತ್ತಿತ್ತು. ಪ್ರತಿ ಸುತ್ತಿನಲ್ಲೂ ಈ ಸಲ ಹೋಗಿಬಿಡುತ್ತೇನೆ ಅಂದುಕೊಳ್ಳುತ್ತಿದ್ದೆ. ಅಪ್ಪನ ಮುಖ ಕಂಡೊಡನೆ ಮತ್ತೆ ಗುಂಪಿನೊಳಗೆ ಕುಗ್ಗುತ್ತಿದ್ದೆ.

ಕೊನೆಯ ಸುತ್ತಿನ ಗಂಟೆ ಬಾರಿಸಿತು. ಮೇರಿ ಹೋದಳು. ಹೋದಳು ಅಂದರೆ ಹೋದಳು, ಚಿಗರೆಯಂತೆ. ಅಷ್ಟು ಹೊತ್ತು ಆರಾಮಾಗಿ ಬಂದಿದ್ದವಳಿಗೆ ಅದು ಬರೀ ನಾನೂರು ಮೀಟರ್ ಓಟ, ಅವಳದೇ ಓಟ. ಅವಳ ಹಿಂದೆ ಇನ್ನು ಮೂವರು. "ಈಗ ಬಿಡು!" ಎಂದು ಅಪ್ಪ ಕೂಗಿದ್ದು ಕೇಳಿಸಿತು. ನಾನು ಬಿಟ್ಟೆ. ಏನಿತ್ತು ಬಿಡಲು? ಐದನೆಯವಳಾಗಿ ಗೆರೆ ದಾಟಿದೆ.

ಮೇರಿ ಮಣ್ಣಿನ ಮೇಲೇ ಮಲಗಿ ಬಾಯಿ ಬಿಡುತ್ತಿದ್ದಳು. ಉಳಿದವರೂ ಮಂಡಿ ಹಿಡಿದು ಬಗ್ಗಿದ್ದರು. ನಾನೊಬ್ಬಳೇ ಕಂಬದಂತೆ ನಿಂತಿದ್ದೆ. ಹಣೆಯ ಮೇಲೆ ಒಂದು ಹನಿ ಬೆವರಿರಲಿಲ್ಲ. ಸೋತದ್ದಕ್ಕಿಂತ ಅದೇ ನನಗೆ ಹೆಚ್ಚು ನಾಚಿಕೆ. ಅದನ್ನು ಯಾರಾದರೂ ನೋಡಿಬಿಟ್ಟಾರೆಂದು ನಾನೂ ಬಗ್ಗಿ ಸುಳ್ಳುಸುಳ್ಳೇ ಏದುಸಿರು ಬಿಟ್ಟೆ. ಪಿ.ಟಿ. ಮಿಸ್ ಹತ್ತಿರ ಬಂದರು, ನನ್ನ ಬೆನ್ನಿನ ಮೇಲೆ ಕೈಯಿಟ್ಟರು, ಬಟ್ಟೆ ಒಣಗಿರುವುದು ಅವರಿಗೆ ತಿಳಿಯಿತು. ಕೈ ತೆಗೆದು ಹೊರಟುಹೋದರು.

ಸಂಘದವರು ಒಬ್ಬೊಬ್ಬರೇ ಕೆಲಸದ ನೆಪ ಹೇಳಿ ಜಾಗ ಖಾಲಿ ಮಾಡಿದರು. ಅಪ್ಪ ಮೈಸೂರು ಪಾಕಿನ ಡಬ್ಬಿಯನ್ನು ಮೇರಿಯ ಕೈಗೆ ಕೊಟ್ಟು, "ಚೆನ್ನಾಗಿ ಓಡಿದೆ ಕಣಮ್ಮ" ಎಂದು ಬಂದರು. ಇಬ್ಬರೂ ನಡೆದೇ ಹೊರಟೆವು. ಅಪ್ಪ ಸೈಕಲ್ ತಳ್ಳುತ್ತಿದ್ದರು. ಅವರ ತಲೆ ಮೇಲೇಳಲೇ ಇಲ್ಲ. ಬನಶಂಕರಿ ಗುಡಿಯ ಹತ್ತಿರ ಬಂದಾಗ ಬಾಯಿ ಬಿಟ್ಟರು.

"ನಾನೇ ತಪ್ಪು ಹೇಳಿಕೊಟ್ಟೆನೇನೋ ಪುಟ್ಟಿ."

ನನಗೆ ಅಳು ಒತ್ತಿ ಬಂತು. "ಇಲ್ಲಪ್ಪ, ನೀವು ಹೇಳಿದ್ದು ಸರಿಯಾಗೇ ಇತ್ತು. ನಂಗೇ ಸುಸ್ತಾಗೋಯ್ತು. ಕೊನೇಲಿ ಕಾಲೇ ಬರಲಿಲ್ಲ."

"ಹೌದಾ? ಸುಸ್ತಾಯ್ತಾ?"

"ತುಂಬಾ."

ಅಪ್ಪ ಉದ್ದಕ್ಕೆ ಉಸಿರು ಬಿಟ್ಟರು. ಅವರ ತಲೆ ಸ್ವಲ್ಪ ಮೇಲೆದ್ದಿತು.

ಬೂಟು ಅಟ್ಟ ಸೇರಿತು, ನಾನು ಟ್ಯೂಷನ್ನಿಗೆ ಸೇರಿದೆ. ಜೆ.ಪಿ. ನಗರದ ಸೈಟುಗಳಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು. ಈಗ ಅಲ್ಲಿ ಬೆಳಗಿನ ಐದು ಗಂಟೆಗೂ ರಸ್ತೆ ದಾಟಲು ಧೈರ್ಯ ಬೇಕು. ಅದೆಲ್ಲ ಊರಿಗೇ ಆದ ನಷ್ಟ, ಎಲ್ಲರ ಜೊತೆ ನಾನೂ ಗೊಣಗಿ ಸುಮ್ಮನಾಗಬಹುದು. ನನ್ನ ಎದೆ ಎಷ್ಟು ದೂರ, ಎಷ್ಟು ವೇಗ ತಡೆದುಕೊಳ್ಳುತ್ತಿತ್ತು ಎನ್ನುವುದು ಮಾತ್ರ ಯಾರಿಗೂ ತಿಳಿಯದೇ ಹೋಯಿತು. ನನಗೂ ತಿಳಿಯಲಿಲ್ಲ.

ಮೊನ್ನೆ ನನ್ನ ಮಗಳು ಶಾಲೆಯ ಓಟಕ್ಕೆ ಹೆಸರು ಕೊಟ್ಟು ಬಂದಳು. ಅಪ್ಪನಿಗೆ ಈಗ ಎಂಬತ್ತರ ಹತ್ತಿರ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಕರೆಯಿಂದ ಹೇಳಿದರು. "ನಿಮ್ಮಮ್ಮನೂ ಚೆನ್ನಾಗೇ ಓಡ್ತಿದ್ಲು ಕಣೇ. ಪಾಪ, ಸ್ಟ್ಯಾಮಿನಾ ಒಂದು ಇರಲಿಲ್ಲ."

ಮಗಳು ತಿರುಗಿ ನನ್ನ ಮುಖ ನೋಡಿದಳು. "ಹೌದಾಮ್ಮ?"

"ಹೂಂ" ಎಂದೆ. "ಬೇಗ ಸುಸ್ತಾಗ್ತಿತ್ತು."