ಯಾರ ಲೋಡ್ ಮೊದಲು?

ಪೀಣ್ಯದಲ್ಲಿ ಜಂಟಿ ಸೋಲಾರ್ ಹಾಕಿಸಿದ್ದಕ್ಕೆ ನಾನು ತೆತ್ತದ್ದು ನನ್ನ ಸಿಎನ್‌ಸಿ ಲೇತನ್ನು. ಹಣವೇನೋ ಕಡಿಮೆಯೇ ಆಯಿತು. ಚೌಕಾಸಿಗೆ ಕೂತವನು ನಾನಲ್ಲವೇ. ಲೇತ್ ಹೋದದ್ದು ಮಾತ್ರ ಒಂದೇ ಒಂದು ಸೆಟ್ಟಿಂಗಿಗೆ ನಾನೂ ಪಕ್ಕದ ಶೆಡ್ಡಿನವನೂ ಬಗ್ಗದ ಕಾರಣ.

ಒಂದೇ ಕಾಂಪೌಂಡಿನಲ್ಲಿ ಎರಡು ಶೆಡ್. ನನ್ನದರಲ್ಲಿ ಲೋಹ ಕಡೆಯುವ ಆ ಲೇತ್, ಪಕ್ಕದವನದರಲ್ಲಿ ಕಬ್ಬಿಣಕ್ಕೆ ಬಣ್ಣದ ಪುಡಿ ಬೇಯಿಸಿ ಹಿಡಿಸುವ ಪೌಡರ್ ಕೋಟಿಂಗ್ ಓವನ್. ಲೈನ್ ಕರೆಂಟ್ ಹೋದಾಗ ಸೋಲಾರ್, ಬ್ಯಾಟರಿ ಸೇರಿ ಎರಡನ್ನೂ ನಡೆಸಬೇಕು. ಅಳವಡಿಸಲು ಬಂದ ಇಂಜಿನಿಯರ್ ಹುಡುಗಿ ಕೇಳಿದಳು:

"ಸಾರ್, ಲೈನ್ ಇಲ್ದಾಗ ವೋಲ್ಟೇಜು, ಫ್ರೀಕ್ವೆನ್ಸಿ ಎರಡನ್ನೂ ನಮ್ಮ ಇನ್ವರ್ಟರ್ರೇ ಹಿಡಿದಿಟ್ಕೋಬೇಕು. ಭಾರ ಜಾಸ್ತಿಯಾದ್ರೆ ಕಂಟ್ರೋಲರ್ರು ಒಬ್ಬರ ಲೋಡ್ ಬಿಡಿಸತ್ತೆ, ಅಂದ್ರೆ ಅವರ ಶೆಡ್ಡಿನ ಕರೆಂಟ್ ಕಟ್ ಮಾಡತ್ತೆ. ಯಾರದ್ದು ಮೊದ್ಲು?"

ಪಕ್ಕದವನು ನನ್ನ ಕಡೆ ತಿರುಗಿದ. "ಅಣ್ಣಾ, ನಿಂದೇ ನಿಲ್ಸು. ಕಬ್ಬಿಣ ತಾನೇ, ಹಳಸೋಗಲ್ಲ."

"ನಾನೂ ಅರ್ಧ ದುಡ್ಡು ಹಾಕಿದೀನಿ ಕಣಯ್ಯಾ. ನಾನ್ಯಾಕೆ ಕತ್ತಲಲ್ಲಿ ಕೂರ್ಲಿ?"

ಜಗಳ ಬಗೆಹರಿಯಲಿಲ್ಲ. ಕೊನೆಗೆ ನಾನೇ ಪಂಚಾಯ್ತಿ ಮುಗಿಸಿದೆ: "ಯಾರದ್ದೂ ಬೇಡಮ್ಮ, ಆ ಸೆಟ್ಟಿಂಗೇ ಆಫ್ ಮಾಡು."

"ಹಾಗಾದ್ರೆ ಇಬ್ರದ್ದೂ ಒಟ್ಟಿಗೇ ಹೋಗತ್ತೆ ಸಾರ್."

"ಸಮಪಾಲು ಅಂದ್ರೆ ಅದೇ ಅಲ್ವೇನಮ್ಮ" ಎಂದು ಪಕ್ಕದವನು ನಕ್ಕ.

ಆ ದಿನಗಳಲ್ಲಿ ನನಗೆ ಕೆಲಸವಿರಲಿಲ್ಲ, ಲೇತಿನ ಸಾಲದ ಕಂತು ಬಾಕಿ ಬಿದ್ದಿತ್ತು. ಪಂಪ್ ತಯಾರಿಸುವ ಕಂಪನಿಯೊಂದರ ಆರ್ಡರ್ ಸಿಕ್ಕರಷ್ಟೇ ಲೇತ್ ಉಳಿಯುತ್ತಿತ್ತು. ಅವರ ಕಡೆಯವರು ಬಂದು ಮೆಷಿನ್ ಮುಂದೆ ನಿಂತರು. ಪಂಪಿನ ಮೊದಲ ಶಾಫ್ಟ್ ಅರ್ಧ ಕಡೆದಾಗಿತ್ತು, ಲೈನ್ ಹೋಯಿತು. ದೀಪ ಅಲುಗಲಿಲ್ಲ. "ನೋಡಿ ಸಾರ್, ನಮ್ದೇ ಕರೆಂಟು!" ಎಂದೆ. ಅಷ್ಟರಲ್ಲಿ ಪಕ್ಕದಲ್ಲಿ ಓವನ್ ಹಾಕಿದರು, ನನ್ನ ಶೆಡ್ಡಿನಲ್ಲಿ ಗಾಳಿ ತುಂಬುವ ಕಂಪ್ರೆಸರ್ ಕೂಡ ತಾನಾಗಿಯೇ ಎದ್ದಿತು. ಲೇತಿನ ದನಿ ಕುಗ್ಗಿತು, ದೀಪ ಮಂಕಾಯಿತು, ಎಲ್ಲ ನಿಂತುಹೋಯಿತು. ಉಳಿ ಶಾಫ್ಟಿನಲ್ಲೇ ಕಚ್ಚಿಕೊಂಡು ಮುರಿದಿತ್ತು.

ಕಂಪನಿಯವರು ಗಾಯವಾದ ಶಾಫ್ಟನ್ನು ಉಗುರಿನಿಂದ ಸವರಿ ನೋಡಿದರು. "ಫೋನ್ ಮಾಡ್ತೀವಿ ಸಾರ್." ಮಾಡಲಿಲ್ಲ.

ಆಮೇಲಾದರೂ ನಾವು ಒಪ್ಪಿಕೊಂಡೆವೇ? ಪಕ್ಕದವನ ಓವನ್ನಿನಲ್ಲೂ ಕಿಟಕಿ ಸರಳುಗಳು ಅರೆಬೆಂದಿದ್ದವು. ಆದರೂ ಹುಡುಗಿ ಮತ್ತೆ ಬಂದು ಅದೇ ಪ್ರಶ್ನೆ ಕೇಳಿದಾಗ ಅವನು ನನ್ನ ಶೆಡ್ ತೋರಿಸಿದ, ನಾನು ಅವನದನ್ನು ತೋರಿಸಿದೆ. ಕಂತು ಕಟ್ಟದ ಲೇತನ್ನು ಸಾಲ ಕೊಟ್ಟವರು ಕ್ರೇನಿನಲ್ಲಿ ಎತ್ತಿಕೊಂಡು ಹೋದರು. ಬೋಲ್ಟ್ ಕಿತ್ತ ತೂತುಗಳಲ್ಲಿ ಈಗ ಧೂಳು ತುಂಬಿದೆ. ನನ್ನ ಪಾಲಿನ ಕರೆಂಟ್ ಇವತ್ತೂ ಬರುತ್ತದೆ. ಉರಿಯುವುದು ಒಂದು ಬಲ್ಬ್.

ನೀವು ಜಂಟಿಯಲ್ಲಿ ಹಾಕಿಸುವುದಾದರೆ ಪ್ಯಾನೆಲ್ ರೇಟು ಕೇಳುವ ಮುಂಚೆ ಯಾರ ಲೋಡ್ ಮೊದಲು ಬಿಡಬೇಕೆಂದು ತೀರ್ಮಾನಿಸಿ. ಮೊದಲು ಬಿಡುವವನು ಕಡಿಮೆ ಪಾಲು ಹಾಕಲಿ. ಚೌಕಾಸಿ ಮಾಡಬೇಕಾದದ್ದು ಅಲ್ಲಿ. ದೊಡ್ಡ ಮೋಟಾರುಗಳನ್ನು ಒಂದಾದ ಮೇಲೊಂದು ಎಬ್ಬಿಸಿ. ಪಕ್ಕದವನು ಒಪ್ಪದಿದ್ದರೆ ಒಬ್ಬರೇ ಚಿಕ್ಕದು ಹಾಕಿಸಿಕೊಳ್ಳಿ.