ಮಾಸ್ಟರು ಮಾತ್ರೆ ಕತ್ತರಿಸಿದ್ದು

ಊರಿಗೆಲ್ಲ ಅಳತೆ ತೆಗೆಯುವ ಟೈಲರ್ ಮಾಸ್ಟರಿಗೆ ತಮ್ಮ ಸೊಂಟಕ್ಕೇ ಟೇಪು ಸುತ್ತಿಕೊಳ್ಳುವ ಕಾಲ ಬಂದದ್ದು ಮಾನಸಿಕ ಆಸ್ಪತ್ರೆಯ ಮಾತ್ರೆ ಶುರುವಾದ ಮೇಲೆ. ಎಂಟು ತಿಂಗಳಲ್ಲಿ ಮೂವತ್ತೆರಡು ಇದ್ದದ್ದು ಮೂವತ್ತೆಂಟಾಯಿತು. ಪ್ಯಾಂಟಿನ ಒಳಮಡಿಕೆ ಬಿಚ್ಚಿ ಬಿಚ್ಚಿ, ಇನ್ನು ಬಿಚ್ಚಲು ಏನೂ ಉಳಿಯದೆ, ಯಾರೋ ಗಿರಾಕಿ ಬಿಟ್ಟುಹೋದ ಬಟ್ಟೆಯಿಂದ ಹಿಂದೆ ಒಂದು ಪಟ್ಟಿ ಕೂಡಿಸಿಕೊಂಡರು.

ಮಾತ್ರೆ ಕೆಲಸ ಮಾಡಲಿಲ್ಲ ಅಂತ ಯಾರೂ ಅನ್ನುವ ಹಾಗಿಲ್ಲ. ಅದಕ್ಕೆ ಮುಂಚೆ ಮಾಸ್ಟರ ಕಿವಿಯಲ್ಲಿ ಒಂದು ದನಿ ಹಗಲೆಲ್ಲ ಕೂತು ಅವರ ಹೊಲಿಗೆಯಲ್ಲಿ ಹುಳುಕು ತೆಗೆಯುತ್ತಿತ್ತು. ಮಾತ್ರೆ ಅದರ ಬಾಯಿ ಮುಚ್ಚಿಸಿತು. ಆದರೆ ತಲೆಗೆ ಬಂದದ್ದು ಪೇಟಕ್ಕೆ ಹೋಯಿತು ಅನ್ನುತ್ತಾರಲ್ಲ, ಇವರದು ಕಾಲಿಗೆ ಹೋಯಿತು. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು, ನಡೆದರೂ ನೆಮ್ಮದಿಯಿಲ್ಲ. ಮಷಿನ್ ಮೇಲೆ ಬಟ್ಟೆ ಇಲ್ಲದಿದ್ದರೂ ಪೆಡಲ್ ತುಳಿಯುತ್ತಲೇ ಇರುತ್ತಿದ್ದರು. ಎದುರು ಅಂಗಡಿಯವರು "ಪಾಪ, ಎಷ್ಟು ಕೆಲಸ!" ಅಂದುಕೊಂಡರು.

ಡಾಕ್ಟರಿಗೆ ಹೇಳಿದರೋ? ಎಲ್ಲಿಯ ಮಾತು! ಡಾಕ್ಟರು ತಿಂಗಳಿಗೊಮ್ಮೆ, ಬರೆಯುತ್ತಿದ್ದ ಚೀಟಿಯಿಂದ ತಲೆಯೆತ್ತದೆ, "ದನಿ ಕೇಳುತ್ತಾ?" ಅನ್ನುತ್ತಿದ್ದರು. ಇವರು ಕೈಕಟ್ಟಿ ನಿಂತು "ಇಲ್ಲ ಸರ್, ಎಲ್ಲ ಚೆನ್ನಾಗಿದೆ" ಅನ್ನುತ್ತಿದ್ದರು. ದೊಡ್ಡವರ ಮುಂದೆ ಬಾಯಿ ಬಿಡಬಾರದು ಎಂಬ ಮರ್ಯಾದೆಯನ್ನು ಯಾವ ಪುಣ್ಯಾತ್ಮ ಕಲಿಸಿದನೋ, ಅವನಿಗೂ ಒಂದು ವಾರ ಅದೇ ಮಾತ್ರೆ ನುಂಗಿಸಬೇಕು.

ಕೊನೆಗೆ ಮಾಸ್ಟರು ತಮಗೆ ಗೊತ್ತಿದ್ದ ಒಂದೇ ವಿದ್ಯೆ ಪ್ರಯೋಗಿಸಿದರು: ಹೆಚ್ಚಾದದ್ದನ್ನು ಕತ್ತರಿಸುವುದು. ದಾರ ಕತ್ತರಿಸುವ ಸಣ್ಣ ಕತ್ತರಿಯಿಂದ ಮೊದಲ ವಾರ ಮಾತ್ರೆಯನ್ನು ಅರ್ಧ ಮಾಡಿದರು, ಮರುವಾರ ಅದರಲ್ಲೂ ಅರ್ಧ, ಆಮೇಲೆ ಬರೀ ಪುಡಿ. ಕಾಲು ಸುಮ್ಮನಾಯಿತು. ಗೆದ್ದೆ ಅಂದುಕೊಂಡರು.

ಮೂರನೆಯ ವಾರ ಹೆಂಡತಿ ಅಂಗಡಿಗೆ ಬಂದು ನೋಡಿದರೆ, ಸೋಮವಾರ ಶಾಲೆಗೆ ಕೊಡಬೇಕಿದ್ದ ಇಪ್ಪತ್ತೆರಡು ಶರಟುಗಳ ಕಾಲರು, ಗುಂಡಿ ಎಲ್ಲ ಕಿತ್ತು ನೆಲದ ಮೇಲೆ ಬಿದ್ದಿದ್ದವು.

"ಏನ್ರೀ ಇದು?"

"ಎಲ್ಲಾ ಸೊಟ್ಟಗಿದ್ವು ಕಣೇ. ಅದು ಹೇಳ್ತು."

ಒಂದೂ ಸೊಟ್ಟಗಿರಲಿಲ್ಲ. ಆಕೆ ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದೊಯ್ದಳು. ಡಾಕ್ಟರು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಕಾಲು, ಸೊಂಟ, ಕತ್ತರಿ ಎಲ್ಲದರ ಕತೆ ಹೇಳಿ ಮುಗಿಸಿದ್ದಳು.

"ಮೊದಲೇ ಹೇಳೋದಲ್ವಾ ಮಾಸ್ಟ್ರೇ? ಬೇರೆ ಮಾತ್ರೆ ಇತ್ತಲ್ಲ," ಎಂದರು ಡಾಕ್ಟರು.

"ಮೊದಲೇ ಕೇಳೋದಲ್ವಾ ಸರ್?" ಎಂದಳು ಆಕೆ.

ಡಾಕ್ಟರು ಪೆನ್ನು ಕೆಳಗಿಟ್ಟು ಎಲ್ಲ ಕೇಳಿದರು. ಆಮೇಲೆ ಮಾತ್ರೆ ಬದಲಾಯಿಸಿದರು, ತೂಕ ಏರಿದ್ದಕ್ಕೆ ಸಕ್ಕರೆ ಪರೀಕ್ಷೆಗೂ ಬರೆದರು. "ಇದರಲ್ಲೂ ಬಾಯಿ ಒಣಗಬಹುದು, ನಿದ್ದೆ ಜಾಸ್ತಿ ಬರಬಹುದು. ಏನಾದ್ರೂ ಬಂದು ಹೇಳಿ. ನೀವೇ ನಿಲ್ಲಿಸ್ಬೇಡಿ."

ಭಾನುವಾರ ಗಂಡ ಹೆಂಡತಿ ಇಬ್ಬರೂ ಅಂಗಡಿಯ ಬಾಗಿಲು ಹಾಕಿಕೊಂಡು ಶರಟುಗಳ ಮುಂದೆ ಕೂತರು. ಅವರು ಕಾಲರು ಜೋಡಿಸಿದರು, ಆಕೆ ಗುಂಡಿ ಹಾಕಿದಳು. ಹೊಸ ಮಾತ್ರೆ ಶುರುವಾಗಿ ಮೂರೇ ದಿನ. ಮಧ್ಯಾಹ್ನದ ಹೊತ್ತಿಗೆ ಮಾಸ್ಟರ ಕೈ ನಿಂತಿತು.

"ಅದು ಇನ್ನೂ ಇದೆ ಕಣೇ," ಎಂದರು. ಇಷ್ಟು ದಿನದಲ್ಲಿ ಯಾರೂ ಕೇಳದೆ ಅವರು ಬಾಯಿಬಿಟ್ಟು ಹೇಳಿದ ಮೊದಲ ನಿಜ ಅದು.

ಆಕೆ ಹಲ್ಲಲ್ಲಿ ದಾರ ಕಡಿದಳು. "ಏನನ್ನುತ್ತೆ?"

"ನೀನು ಹಾಕೋ ಗುಂಡಿ ಸೊಟ್ಟ ಅನ್ನುತ್ತೆ."

"ಅಷ್ಟು ಗೊತ್ತಿದ್ರೆ ಬಂದು ಅದೇ ಹಾಕ್ಲಿ," ಎಂದಳು ಆಕೆ. "ಇನ್ನೂ ಹನ್ನೊಂದು ಶರಟಿದೆ."